ಕಪ್ಪು ನಾಲ್ಕರ ಎಂಟು ಆವರ್ತ

ನಮ್ಮ ಮನೆಯವರು ತೀರಿಕೊಂಡು ಹನ್ನೊಂದು ತಿಂಗಳಾದ ಮೇಲೆ ಆರ್ಕೆಸ್ಟ್ರಾ ಮಾಲೀಕರು ನನ್ನನ್ನು ಹಾಸನದ ತಮ್ಮ ಸೌಂಡ್ ಸರ್ವಿಸ್ ಅಂಗಡಿಗೆ ಬರಹೇಳಿದರು. ಕೀಬೋರ್ಡಿನ ಮೆಮೊರಿಯಲ್ಲಿ ನಮ್ಮ ಮನೆಯವರು ಬಾರಿಸಿಟ್ಟಿದ್ದ ಒಂದು ತುಣುಕು ಇನ್ನೂ ಇದೆ, ಅದನ್ನು ಅಳಿಸಬೇಕಾಗಿದೆ, ನನಗೊಂದು ಮಾತು ಹೇಳದೆ ಅಳಿಸಲು ಮನಸ್ಸು ಬರಲಿಲ್ಲ ಎಂದರು.

ತುಣುಕು ಎಂಟು ಆವರ್ತದ್ದು. ಮದುವೆಯಲ್ಲಿ ಧಾರೆ ಮುಗಿದು ಹೆಂಗಸರು ಆರತಿ ಎತ್ತುವಾಗ ನಾನು ಹಾಡುವ ಹಾಡೊಂದಿದೆ. ನಮ್ಮ ಅತ್ತೆ ತಮ್ಮ ತವರು ಕಟ್ಟಾಯದಿಂದ ತಂದ ಹಾಡು. ಅದರ ಒಂದು ನುಡಿ ಮುಗಿದು ಇನ್ನೊಂದು ಶುರುವಾಗುವ ಮೊದಲು ಹಾರ್ಮೋನಿಯಂ ನಾದದಲ್ಲಿ ಈ ಎಂಟು ಆವರ್ತ ಬರುತ್ತದೆ. ತಂಡದಲ್ಲಿ ನಾನು ಹೆಣ್ಣು ದನಿ, ಅವರು ಕೀಬೋರ್ಡ್. ಹೊಳೆನರಸೀಪುರದಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಅವರು ಹೋದ ಮೇಲೆ ಆರು ತಿಂಗಳು ನಾನು ಹಾಡಲಿಲ್ಲ. ಆಮೇಲೆ ಹಾಡಿದೆ, ಆದರೆ ಆರತಿ ಹಾಡನ್ನು ಮಾತ್ರ ಹಾಡಿ ಎಂದು ಯಾರೂ ಕೇಳದಿರಲಿ ಎಂದು ಒಳಗೇ ಹಾರೈಸುತ್ತಿದ್ದೆ.

ಅಳಿಸಲು ಕಾರಣವಿತ್ತು. ಆ ಕೀಬೋರ್ಡಿನಲ್ಲಿ ಹಿನ್ನೆಲೆ ವಾದ್ಯಗಳನ್ನು ತುಂಬಿ ನಾವೇ ಮಾಡಿದ ಸ್ಟೈಲ್‌ಗಳನ್ನು ಇಡಲು ಮೂರೇ ಜಾಗ. ಹೆಚ್ಚಿನದನ್ನು ಫ್ಲಾಪಿಗೆ ಹಾಕಿಡಬಹುದಿತ್ತು, ಆದರೆ ಫ್ಲಾಪಿ ಹಾಕುವ ಬಾಯಿ ಮಳೆಗಾಲದಿಂದ ಕೆಟ್ಟು ಕೂತಿತ್ತು. ಹೊಸದಾಗಿ ಸೇರಿದ ವಾದಕನಿಗೆ ಸಿನಿಮಾ ಹಾಡುಗಳಿಗಾಗಿ ಜಾಗ ಬೇಕಿತ್ತು. ಅದಕ್ಕಿಂತ ದೊಡ್ಡ ಕಾರಣ, ಅವರ ತುಣುಕು ಕೆಲಸ ಮಾಡುತ್ತಿರಲಿಲ್ಲ. ಹಿಂದಿನ ವಾರ ಅರಕಲಗೂಡಿನ ಮದುವೆಯಲ್ಲಿ ಹೊಸ ವಾದಕ ಅದನ್ನು ಹಾಕಿದ್ದ. ಎಡಗೈಯಲ್ಲಿ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಮೂರು ಸ್ವರಗಳ ಗುಂಪು, ಬದಲಿಸಿದಾಗ ಉಳಿದೆಲ್ಲ ವಾದ್ಯ ಬದಲಾಯಿತು, ಹಾರ್ಮೋನಿಯಂ ಮಾತ್ರ ಬದಲಾಗದೆ ತನ್ನ ಪಾಡಿಗೆ ತಾನು ಹೋಯಿತು. ನಾನು ಮೈಕ್ ಹಿಡಿದು ನಿಂತಿದ್ದೆ. ಆರತಿ ತಟ್ಟೆ ಹಿಡಿದ ಹೆಂಗಸೊಬ್ಬರು ತಿರುಗಿ ನೋಡಿದರು.

ಮಾಲೀಕರು ಒರಟು ಮನುಷ್ಯರಲ್ಲ. ಸ್ಪೀಕರ್ ಡಬ್ಬದ ಮೇಲೆ ಕೂತು ನಿಧಾನವಾಗಿ ಹೇಳಿದರು. "ನೋಡಮ್ಮ, ನಂಗೇನು ಅವ್ನು ಬ್ಯಾರೆಯವ್ನಾ? ಆದ್ರೆ ಮಿಷನ್ನಲ್ಲಿ ಜಾಗ ಇಲ್ಲ. ಚನ್ನರಾಯಪಟ್ಟಣದ ಮುಹೂರ್ತಕ್ಕೆ ಇನ್ನು ಮೂರು ವಾರ ಐತೆ. ಆ ಮದ್ವೆ ಮನೆಯವ್ರು ಕೊಣನೂರಲ್ಲಿ ನಿಮ್ ಹಾಡು ಕೇಳಿದ್ರಂತೆ, ಆರತಿ ಹಾಡೇ ಬೇಕು ಅಂದವ್ರೆ. ಅಷ್ಟ್ರಲ್ಲಿ ಸರಿ ಮಾಡ್ಕಂಡ್ರೆ ಇರ್ಲಿ. ಆಗ್ನಿಲ್ಲ ಅಂದ್ರೆ ಅಳಿಸ್ಬುಡನ."

ಸರಿ ಮಾಡುತ್ತೇನೆ ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಆ ಕೀಬೋರ್ಡ್ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. ಒಂದು ಸ್ಟೈಲ್ ಎಂದರೆ ಹಲವು ಸಾಲುಗಳು. ಒಂದು ಸಾಲಿನಲ್ಲಿ ಡ್ರಮ್ಮು, ಒಂದರಲ್ಲಿ ಬೇಸ್, ಒಂದರಲ್ಲಿ ಗಿಟಾರ್, ಹೀಗೆ. ಪ್ರತಿ ಸಾಲನ್ನೂ ಒಂದೇ ಕಾರ್ಡಿನಲ್ಲಿ ಬಾರಿಸಿ ತುಂಬಿದರೆ ಸಾಕು. ಆಮೇಲೆ ಎಡಗೈಯಲ್ಲಿ ಯಾವ ಕಾರ್ಡ್ ಒತ್ತಿದರೂ ಯಂತ್ರವೇ ಲೆಕ್ಕ ಹಾಕಿ ಆ ಸ್ವರಗಳನ್ನು ಹೊಸ ಕಾರ್ಡಿಗೆ ತಕ್ಕಂತೆ ಸರಿಸುತ್ತದೆ. ಡ್ರಮ್ಮಿಗೆ ಕಾರ್ಡ್ ಇಲ್ಲವಾದ್ದರಿಂದ ತಾಳದ ಸಾಲುಗಳನ್ನು ಮಾತ್ರ ಅದು ಮುಟ್ಟುವುದಿಲ್ಲ.

ಮೊದಲ ದಿನ ಹತ್ತು ಗಂಟೆಗೆ ಅಂಗಡಿಗೆ ಹೋದೆ. ಹಿಂದಿನ ಕೋಣೆಯಲ್ಲಿ ಕೀಬೋರ್ಡನ್ನು ಎರಡು ಕುರ್ಚಿಗಳ ಮೇಲೆ ಅಡ್ಡ ಇಟ್ಟು ಹೊಸ ವಾದಕ ಕಾಯುತ್ತಿದ್ದ. ಹಾಸನದವನು, ನನಗಿಂತ ಹತ್ತು ವರ್ಷ ಚಿಕ್ಕವನು. ಸಂಗೀತವನ್ನು ಪುಸ್ತಕದಿಂದ ಕಲಿತವನು, ಇಂಗ್ಲಿಷ್ ಮ್ಯಾನ್ಯುಯಲ್ ಓದಬಲ್ಲವನು. ನಾನು ಎಸ್ಸೆಸ್ಸೆಲ್ಸಿ. ಅವನ ಜಾಗಕ್ಕಾಗಿಯೇ ಈ ತುಣುಕು ಅಳಿಯಬೇಕಿತ್ತು, ಆದರೂ ನನ್ನ ಜೊತೆ ಕೂರಲು ಅವನೇ ಒಪ್ಪಿದ್ದ.

ಸಾಲುಗಳನ್ನು ಒಂದೊಂದಾಗಿ ಬಿಚ್ಚಿ ಕೇಳಿದೆವು. ಹಾರ್ಮೋನಿಯಂ ಸಿಕ್ಕಿದ್ದು ಎರಡನೆಯ ತಾಳದ ಸಾಲಿನಲ್ಲಿ. ತಪ್ಪಿ ಹಾಕಿದ್ದಲ್ಲ, ಬೇಕೆಂದೇ ಹಾಕಿದ್ದರು. ಅವರು ಪೌರಾಣಿಕ ನಾಟಕಗಳ ಹಾರ್ಮೋನಿಯಂ ಮೇಷ್ಟ್ರ ಮಗ. ಹಾರ್ಮೋನಿಯಂನವರಿಗೆ ಸ ಎಂದರೆ ಸ, ಅದು ಹಾಡಿನುದ್ದಕ್ಕೂ ಕದಲಬಾರದು. ಯಂತ್ರ ತಮ್ಮ ಸ್ವರಗಳನ್ನು ಎಳೆದಾಡುವುದು ಬೇಡವೆಂದು, ಅದು ಮುಟ್ಟದ ಸಾಲಿನಲ್ಲಿ ಬಚ್ಚಿಟ್ಟಿದ್ದರು.

"ಹಾಗಾದ್ರೆ ಅಣ್ಣ ಸ್ಟೇಜ್ ಮೇಲೆ ಹೆಂಗೆ ಮ್ಯಾನೇಜ್ ಮಾಡ್ತಿದ್ರು ಅಕ್ಕ? ಕಾರ್ಡ್ ಚೇಂಜ್ ಆಗ್ತಿತ್ತಲ್ಲ?"

ಆಗ ನನಗೆ ಹೊಳೆಯಿತು. ನಾಲ್ಕು ಆವರ್ತ ಆದ ಕೂಡಲೇ ಅವರ ಎಡಗೈಯ ಒಂದು ಬೆರಳು ಮೇಲಿನ ಗುಂಡಿಯೊಂದಕ್ಕೆ ಹೋಗುತ್ತಿತ್ತು. ಎಂಟನೆಯ ಆವರ್ತಕ್ಕೆ ಮತ್ತೆ ಹೋಗುತ್ತಿತ್ತು. ದನಿ ಹೆಚ್ಚು ಕಡಿಮೆ ಮಾಡುತ್ತಾರೆ ಎಂದುಕೊಂಡಿದ್ದೆ. ಅಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದೆ, ಒಂದು ಸಲವೂ ಕೇಳಿರಲಿಲ್ಲ. ಅವರು ತುಂಬಿಟ್ಟ ಸಾಲನ್ನು ಅಲ್ಲಿ ನಿಲ್ಲಿಸಿ, ಐದು, ಆರು, ಏಳನೆಯ ಆವರ್ತಗಳನ್ನು ಬಲಗೈಯಲ್ಲಿ ಅಲ್ಲೇ ಬಾರಿಸಿ, ಎಂಟಕ್ಕೆ ಸಾಲನ್ನು ಮತ್ತೆ ಬಿಡುತ್ತಿದ್ದರು. ಕಾರ್ಡ್ ಬದಲಾಗುತ್ತಿದ್ದುದು ಆ ಮೂರು ಆವರ್ತಗಳಲ್ಲಿ ಮಾತ್ರ. ಐದರಲ್ಲಿ ಪ, ಆರು ಮತ್ತು ಏಳರಲ್ಲಿ ಮ, ಎಂಟಕ್ಕೆ ಮತ್ತೆ ಸ.

ಹೊಸ ವಾದಕನಿಗೆ ಆ ಜಾಗದಲ್ಲಿ ಬಲಗೈಯಿಂದ ಕೀಬೋರ್ಡಿನಲ್ಲೇ ವಯೊಲಿನ್ ನಾದ ನುಡಿಸುವುದಿತ್ತು. ಹಾಗಾಗಿ ಕೈ ಮಾಡುತ್ತಿದ್ದುದನ್ನು ಇನ್ನು ಯಂತ್ರ ಮಾಡಬೇಕಿತ್ತು.

ಸಾಲನ್ನು ತಾಳದಿಂದ ತೆಗೆದು ಕಾರ್ಡ್ ಅನುಸರಿಸುವ ಜಾಗಕ್ಕೆ ಹಾಕಿದೆವು. ನನ್ನ ಶ್ರುತಿ ಕಪ್ಪು ನಾಲ್ಕು, ಅಂದರೆ ಹಾರ್ಮೋನಿಯಂನ ಒತ್ತುವ ಕೀಗಳಲ್ಲಿ, ನಾವು ಮನೆ ಎನ್ನುತ್ತೇವೆ, ನಾಲ್ಕನೆಯ ಕಪ್ಪು ಮನೆ ನನ್ನ ಸ. ವಾದಕ ಅದೇ ಕಾರ್ಡ್ ಒತ್ತಿದ. ತುಣುಕು ಎಂಟು ಮನೆ ಮೇಲಕ್ಕೆ ಹಾರಿ, ತಗಡಿನ ಪೀಪಿಯ ಹಾಗೆ ಕೂಗಿತು. ಬೇರೆ ಕಾರ್ಡ್ ಒತ್ತಿದರೆ ಇನ್ನೆಲ್ಲಿಗೋ ಹೋಯಿತು. ಎರಡು ದಿನ ಯಂತ್ರವೇ ಕೆಟ್ಟಿದೆ ಎಂದುಕೊಂಡೆವು. ಮೂರನೆಯ ದಿನ ಅವನು ಮ್ಯಾನ್ಯುಯಲ್ ತೊಡೆಯ ಮೇಲಿಟ್ಟುಕೊಂಡು ನಕ್ಕ. ಯಾವ ತುಣುಕನ್ನೇ ಆಗಲಿ ಬಿಳಿ ಒಂದರಲ್ಲಿ ಬಾರಿಸಿರುತ್ತಾರೆ ಎಂದು ಯಂತ್ರ ತಾನಾಗಿಯೇ ಭಾವಿಸುತ್ತದಂತೆ. ಹಾಗಲ್ಲದಿದ್ದರೆ ಮೂಲ ಸ್ವರ ಯಾವುದೆಂದು ಅದಕ್ಕೆ ಹೇಳಬೇಕಂತೆ.

"ಎಲ್ರೂ ಬಿಳಿ ಒಂದ್ರಲ್ಲೇ ರೆಕಾರ್ಡ್ ಮಾಡದು ಅಕ್ಕ. ಅಣ್ಣ ಯಾಕೆ ಕಪ್ಪು ನಾಲ್ಕಕ್ಕೆ ಹೋದ್ರು?"

"ಅವತ್ತು ನಾನು ಪಕ್ಕದಲ್ಲಿ ಕೂತು ಗುನುಗ್ತಿದ್ದೆ" ಎಂದೆ. 

ಅವನು ಮೂಲ ಸ್ವರವನ್ನು ಕಪ್ಪು ನಾಲ್ಕಕ್ಕೆ ತಿರುಗಿಸಿ ಕಾರ್ಡ್ ಒತ್ತಿದ. ಅವರು ಬಾರಿಸಿದ ಹಾಗೆಯೇ, ಅವರು ಬಾರಿಸಿದ ಜಾಗದಲ್ಲೇ ಬಂತು. ಇನ್ನೊಂದು ಸಲ ಹಾಕು ಎಂದು ನಾನು ಕೇಳಲಿಲ್ಲ. ಅವನೇ ಹಾಕಿದ.

ಅದೇ ದಿನ ಅವನು ನನಗೆ ಇನ್ನೊಂದು ಪರದೆ ತೋರಿಸಿದ. ತುಣುಕಿನ ಒಂದೊಂದು ಸ್ವರವೂ ಅಲ್ಲಿ ಪಟ್ಟಿಯಾಗಿ ಇಳಿಯುತ್ತಿತ್ತು. ಯಾವ ಮನೆ, ತಾಳದ ಯಾವ ಕ್ಷಣ, ಎಷ್ಟು ಬಲವಾಗಿ ಒತ್ತಿದ್ದು. ಒತ್ತಿದ ಬಲಕ್ಕೆ ಒಂದರಿಂದ ನೂರ ಇಪ್ಪತ್ತೇಳರವರೆಗೆ ಅಂಕಿ. ಆ ಯಂತ್ರದಲ್ಲಿದ್ದದ್ದು ಅವರ ಹಾರ್ಮೋನಿಯಂ ಸದ್ದಲ್ಲ, ಸದ್ದು ಯಂತ್ರದ್ದೇ. ಅದರಲ್ಲಿದ್ದದ್ದು ಅವರ ಬೆರಳು ಯಾವಾಗ ಇಳಿಯಿತು, ಯಾವಾಗ ಎದ್ದಿತು ಎಂಬುದಷ್ಟೇ. ತೊಂಬತ್ತು, ಎಂಬತ್ತೆಂಟು, ತೊಂಬತ್ತೆರಡು ಎಂದು ಹೋಗುತ್ತಿದ್ದ ಅಂಕಿಗಳ ನಡುವೆ ಅಲ್ಲಲ್ಲಿ ನಲವತ್ತು, ಮೂವತ್ತೇಳು. ಅದು ಅವರ ಉಂಗುರದ ಬೆರಳು. ಚಿಕ್ಕಂದಿನಲ್ಲಿ ಕುಡುಗೋಲು ತಾಗಿ ಆ ಬೆರಳಿನ ನರ ಸೊರಗಿತ್ತು. ಊಟಕ್ಕೆ ಕೂತಾಗಲೂ ಆ ಬೆರಳು ಸ್ವಲ್ಪ ಎದ್ದೇ ಇರುತ್ತಿತ್ತು. ಪಟ್ಟಿಯನ್ನು ಮೇಲೆ ಕೆಳಗೆ ಸರಿಸುತ್ತ ಆ ಸಣ್ಣ ಅಂಕಿಗಳನ್ನೇ ಹುಡುಕಿ ಓದಿದೆ. ಎಂಟು ಆವರ್ತದಲ್ಲಿ ಹನ್ನೊಂದು ಸಲ ಬಂದಿತ್ತು.

ಕ್ಷಣದ ಅಂಕಿಗಳನ್ನು ನೋಡಿ ವಾದಕ, ಅಣ್ಣ ಎಲ್ಲ ಕಡೆಯೂ ಕೂದಲೆಳೆಯಷ್ಟು ಹಿಂದೆ ಇದ್ದಾರೆ, ಒಂದು ಗುಂಡಿ ಒತ್ತಿದರೆ ಎಲ್ಲ ತಾಳಕ್ಕೆ ಸರಿಯಾಗಿ ಕೂರುತ್ತದೆ ಎಂದ. ಬೇಡ ಎನ್ನುವಷ್ಟರಲ್ಲಿ ಒತ್ತಿಯೇಬಿಟ್ಟ. ಅಂಕಿಗಳೆಲ್ಲ ಒಮ್ಮೆಗೇ ಬದಲಾದವು. ಎಲ್ಲವೂ ಸೊನ್ನೆ, ಇಪ್ಪತ್ನಾಲ್ಕು, ನಲವತ್ತೆಂಟು ಎಂದು ಗೆರೆ ಎಳೆದ ಹಾಗೆ ನಿಂತವು. ಕೇಳಿದರೆ ಶಾಲೆಯ ಮಗು ಬಾಯಿಪಾಠ ಒಪ್ಪಿಸಿದ ಹಾಗಿತ್ತು. ಹಿಂದಕ್ಕೆ ತರುವ ದಾರಿ ಅವನಿಗೆ ಗೊತ್ತಿರಲಿಲ್ಲ. ಹೊರಗೆ ಬರಲು ಹೋದಾಗ, ಉಳಿಸಬೇಕೆ ಎಂದು ಯಂತ್ರ ಕೇಳಿತು. ಎರಡು ಗುಂಡಿ, ಹೌದು, ಇಲ್ಲ. ಅವನ ಕೈ ಹಿಡಿದು ಪಕ್ಕಕ್ಕೆ ಸರಿಸಿ, ಇಲ್ಲ ಎಂಬುದನ್ನು ನಾನೇ ಒತ್ತಿದೆ. ಮತ್ತೆ ಒಳಗೆ ಹೋಗಿ ಪಟ್ಟಿ ತೆರೆದಾಗ ಹಳೆಯ ಅಂಕಿಗಳೇ ಇದ್ದವು. ಮೂಲ ಸ್ವರ ತಿರುಗಿಸಿದ್ದೂ ಅಳಿದುಹೋಗಿತ್ತು, ಸಾಲು ಮತ್ತೆ ತಾಳದ ಜಾಗದಲ್ಲೇ ಇತ್ತು. ಅದನ್ನು ಮತ್ತೆ ಮಾಡುವುದು ಒಂದು ಗಂಟೆಯ ಕೆಲಸ. 

ಅವನು ಹೊರಗೆ ಹೋಗಿ ಎರಡು ಲೋಟ ಟೀ ತಂದ. ಆಮೇಲೆ ತನ್ನ ಎರಡು ಸಿನಿಮಾ ಸ್ಟೈಲ್‌ಗಳಲ್ಲಿ ಒಂದನ್ನು ಅಳಿಸಿ, ಆ ಜಾಗಕ್ಕೆ ಅವರ ತುಣುಕಿನ ನಕಲು ಇಳಿಸಿದ. ತಿಂಗಳುಗಟ್ಟಲೆ ಕೂತು ಮಾಡಿಕೊಂಡಿದ್ದ ಸ್ಟೈಲ್ ಅದು.

"ನಂದು ನಾನು ಇನ್ನೊಂದ್ಸಲ ಮಾಡ್ಕತೀನಿ ಅಕ್ಕ. ಇನ್ಮೇಲೆ ನಕಲಿನ ಮೇಲೇನೇ ಕೆಲ್ಸ ಮಾಡನ" ಎಂದ.

ಎರಡನೆಯ ವಾರ ಪ ಕಾರ್ಡಿಗೆ ಕೂತೆವು. ಯಂತ್ರ ಅದನ್ನು ಏಳು ಮನೆ ಮೇಲಕ್ಕೆ ಸರಿಸುತ್ತಿತ್ತು, ಕೇಳಲು ಕೀರಲು. ಇಷ್ಟಕ್ಕಿಂತ ಮೇಲೆ ಹೋಗಬೇಡ ಎಂದು ಒಂದು ಮಿತಿ ಹಾಕಿದರೆ, ಅದೇ ಸ್ವರಗಳನ್ನು ಐದು ಮನೆ ಕೆಳಗೆ ಬಾರಿಸುತ್ತದೆ. ಮಿತಿ ಹಾಕಿದೆವು. ಇಳಿಯಿತು. ಐದನೆಯ ಆವರ್ತ ತಗ್ಗಿನ ದನಿಯಲ್ಲಿ, ಪಕ್ಕದ ಕೋಣೆಯಿಂದ ಕೇಳಿದ ಹಾಗೆ ಬಂತು. ಚೆನ್ನಾಗಿತ್ತು. ಸ್ವರಗಳು ಅವರವಲ್ಲ, ಯಂತ್ರ ಲೆಕ್ಕ ಹಾಕಿ ಕೊಟ್ಟದ್ದು. ಆದರೆ ಉಂಗುರದ ಬೆರಳಿನ ಜಾಗದಲ್ಲಿ ಆ ಸ್ವರಗಳೂ ಮೆತ್ತಗೆ ಬಿದ್ದವು. ಅಷ್ಟಾದರೂ ಅವರದಾಯಿತಲ್ಲ ಎಂದು ಒಪ್ಪಿಕೊಂಡೆ.

ಮ ಕಾರ್ಡ್ ಒಪ್ಪಲಿಲ್ಲ. ಪ-ಕ್ಕೆ ಹಾಕಿದ ಮಿತಿಯಲ್ಲಿ ಮ ಐದು ಮನೆ ಮೇಲೆ ಹೋಗುತ್ತಿತ್ತು. ಐದನೆಯ ಆವರ್ತ ಕೆಳಗೆ, ಆರನೆಯದು ಹತ್ತು ಮನೆ ಜಿಗಿದು ಮೇಲೆ. ಮಿತಿಯನ್ನು ಇನ್ನೂ ತಗ್ಗಿಸಿದರೆ ಮ ಏಳು ಮನೆ ಕೆಳಗಿಳಿದು ಬೇಸ್ ಸಾಲಿನೊಳಗೆ ಮುಳುಗಿಹೋಗುತ್ತಿತ್ತು. ಮೂರನೆಯ ದಾರಿಯೊಂದಿತ್ತು. ತುಣುಕನ್ನು ಇದ್ದ ಜಾಗದಲ್ಲೇ ಬಿಟ್ಟು, ಪ್ರತಿ ಸ್ವರವನ್ನೂ ಹೊಸ ಕಾರ್ಡಿನ ಹತ್ತಿರದ ಸ್ವರಕ್ಕೆ ಮಾತ್ರ ತಿರುಗಿಸು ಎಂದು ಹೇಳುವುದು. ಅದರ ಮೇಲೆ ನಾನು ಬಹಳ ಆಸೆ ಇಟ್ಟುಕೊಂಡಿದ್ದೆ, ಅವರನ್ನು ಎಲ್ಲಿಗೂ ಕಳಿಸಬೇಕಾಗಿರಲಿಲ್ಲ. ಆದರೆ ಅವರ ತುಣುಕಿನಲ್ಲಿ ಸ ರಿ ಗ ಪ ಎಂದು ಒಂದು ಏರಿಕೆ ಇದೆ. ಮ ಕಾರ್ಡಿನಲ್ಲಿ ರಿ-ಗೂ ಜಾಗವಿಲ್ಲ, ಗ-ಕ್ಕೂ ಇಲ್ಲ, ಪ-ಕ್ಕೂ ಇಲ್ಲ. ಯಂತ್ರ ಅದನ್ನು ಸ ಸ ಮ ಮ ಎಂದು ತಿದ್ದಿತು. ಮೆಟ್ಟಿಲು ಹತ್ತುವವರು ಒಂದೊಂದು ಮೆಟ್ಟಿಲಲ್ಲೂ ಎರಡೆರಡು ಸಲ ಕಾಲೂರಿದ ಹಾಗೆ.

ಸ್ವರ ತಿರುಗಿಸುವ ಕೋಷ್ಟಕಗಳು ಅದರಲ್ಲಿ ಇನ್ನೂ ಇದ್ದವು. ಒಂದೊಂದನ್ನೂ ಹಾಕಿ ನೋಡಿದೆವು. ಒಂದು ಮಧ್ಯಾಹ್ನ ಯಾವುದೋ ಒಂದು ಸ್ವಲ್ಪ ಒಪ್ಪುವ ಹಾಗಿದೆ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಉಳಿಸಿರಲಿಲ್ಲ. ಬಂದ ಮೇಲೆ ಮತ್ತೆ ಹುಡುಕಿದರೆ ಅದು ಒಪ್ಪಲಿಲ್ಲ, ಮೊದಲೂ ಒಪ್ಪಿರಲಿಲ್ಲವೇನೋ. ಮುಹೂರ್ತಕ್ಕೆ ಎಂಟು ದಿನ ಉಳಿದಿತ್ತು. ಆ ಎರಡು ಆವರ್ತದಲ್ಲಿ ವಯೊಲಿನ್ ಜೋರು ಮಾಡಿ ಮುಚ್ಚಿಬಿಡೋಣವೇ ಎಂದು ವಾದಕ ಕೇಳಿದ. ಯೋಚಿಸುತ್ತೇನೆ ಎಂದು ಹೇಳಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅವರು ಆ ಎರಡು ಆವರ್ತವನ್ನು ಸ್ಟೇಜಿನ ಮೇಲೆ ನೂರಾರು ಸಲ ಬಾರಿಸಿದ್ದರು, ನಾನು ಒಂದು ಮಾರು ದೂರದಲ್ಲಿ ನಿಂತು ಕೇಳಿದ್ದೆ. ಆದರೂ ಏನು ಬಾರಿಸುತ್ತಿದ್ದರು ಎಂದು ನೆನಪಿಗೆ ಬರಲಿಲ್ಲ. ಮುಂದಿನ ನುಡಿಯ ಮಾತುಗಳನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳುವ ಹೊತ್ತು ನನಗೆ ಅದು.

ಮನೆಯಲ್ಲಿ ಅತ್ತೆ ಪಡಸಾಲೆಯಲ್ಲಿ ಕೂತು ಹುರುಳಿ ಆರಿಸುತ್ತಿದ್ದರು. ಮಗ ಹೋದ ಮೇಲೆ ಅವರು ಹಾಡು ಬಿಟ್ಟಿದ್ದರು, ಹಾಡಿ ಎಂದು ನಾನು ಕೇಳಿಯೂ ಇರಲಿಲ್ಲ. ಎದುರಿಗೆ ಕೂತು ಕಲ್ಲು ತೆಗೆಯುತ್ತ ಆ ಆರನೆಯ ಆವರ್ತವನ್ನೇ ಗುನುಗುತ್ತಿದ್ದೆನೆಂದು ಕಾಣುತ್ತದೆ.

"ಏನವ್ವ ಅದು, ಅಲ್ಲಲ್ಲೇ ತುಳೀತಾ ಇದ್ದೀಯ" ಎಂದರು.

ನಡೆದದ್ದನ್ನೆಲ್ಲ ಹೇಳಿದೆ. ಕಾರ್ಡು, ಕೋಷ್ಟಕ ಅವರಿಗೆ ಅರ್ಥವಾಗಲಿಲ್ಲ. ಹಾಡಿನ ಯಾವ ಜಾಗ ಎಂಬುದು ಮಾತ್ರ ತಕ್ಷಣ ಗೊತ್ತಾಯಿತು.

"ಅಲ್ಲಿ ಹಾಡು ಎತ್ತೋರು ಸುಮ್ಕಿರ್ಬೇಕು ಕಣವ್ವ. ಅದು ಒಪ್ಪಿಸೋರ ಜಾಗ. ನಾವು ಹೆಣ್ಣಿನ ಕಡೆಯೋರು ಎತ್ತಿಬಿಟ್ಟು ಬಾಯಿ ಮುಚ್ಕತಿದ್ವಿ. ಗಂಡಿನ ಕಡೆ ಹೆಂಗುಸ್ರು ಅಲ್ಲಿಂದ ಈಸ್ಕಂಡು ಹಾಡಿ ನಮ್ಗೆ ಒಪ್ಪಿಸೋರು."

"ಅವ್ರು ಅಲ್ಲೂ ಬಾರಿಸ್ತಿದ್ರಲ್ಲ ಅತ್ತೆ?"

"ಇನ್ಯಾರಿದ್ರು ಅವನ ಜತೇಲಿ? ಎರಡು ಕಡೇದೂವೆ ಅವನೇ ಬಾರಿಸ್ಕಳೋನು."

ನಾನು ಈ ಹಾಡನ್ನು ಅತ್ತೆಯಿಂದ ಕಲಿತಿರಲಿಲ್ಲ, ಅವರ ಮಗನಿಂದ ಕಲಿತಿದ್ದೆ. ಎರಡು ಕಡೆಯದನ್ನೂ ಒಂದೇ ಮಾಡಿ ಅವರು ಕಲಿಸಿದ್ದರು. ಹಾಡಿಗೆ ಎರಡು ಕಡೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಒಪ್ಪಿಸುವವರು ಹೇಗೆ ಹಾಡುತ್ತಿದ್ದರು ಎಂದು ಕೇಳಿದೆ. ಅತ್ತೆ ಮೊರ ಕೆಳಗಿಟ್ಟರು. ಗಂಟಲು ಸರಿ ಮಾಡಿಕೊಂಡು, ಮಾತಿಲ್ಲದೆ, ಬರೀ ರಾಗದಲ್ಲಿ ಹೇಳಿದರು. ಅದು ಏರುವುದೇ ಇಲ್ಲ. ಮ-ದಲ್ಲಿ ನಿಂತು, ದ ಮುಟ್ಟಿ, ಮೇಲಿನ ಸ-ಕ್ಕೆ ಒಮ್ಮೆ ಕೈಚಾಚಿ, ಅಲ್ಲಿಂದ ಮೆಲ್ಲಗೆ ಇಳಿದುಬಂದು ಗ-ದಲ್ಲಿ ಕೂರುತ್ತದೆ. ಎತ್ತಿದ್ದನ್ನು ಇಳಿಸಿ ಕೈಗೆ ಕೊಟ್ಟ ಹಾಗೆ. ಮೂರು ಸಲ ಹೇಳಿಸಿಕೊಂಡೆ. ಮೂರನೆಯ ಸಲ ಮುಗಿಯುತ್ತಲೇ ಮೊರ ಎತ್ತಿಕೊಂಡು ಒಳಗೆ ಹೋದರು.

ನಮ್ಮ ಮನೆಯವರ ಸ್ವರಗಳನ್ನು ಮ ಕಾರ್ಡಿಗೆ ತಿರುಗಿಸುವುದನ್ನು ಅಲ್ಲಿಗೆ ಬಿಟ್ಟೆ. ಎರಡು ವಾರ ನಾವು ಯಂತ್ರದ ಜೊತೆ ಗುದ್ದಾಡಿದ್ದು ಅವರದಲ್ಲದ ಜಾಗಕ್ಕೆ ಅವರನ್ನು ಎಳೆದು ತರಲು. ಅಲ್ಲಿ ಅವರು ಸುಮ್ಮನಿರಬೇಕು, ಬೇರೆಯವರು ಒಪ್ಪಿಸಬೇಕು.

ಮರುದಿನ ಇದನ್ನು ಹೇಳಿದಾಗ ವಾದಕ ಸ್ವಲ್ಪ ಹೊತ್ತು ಮ್ಯಾನ್ಯುಯಲ್ ತಿರುವಿ, ಆಗುತ್ತದೆ ಎಂದ. ಪ್ರತಿ ಸಾಲಿಗೂ ಹನ್ನೆರಡು ಮನೆಗಳ ಒಂದು ಪಟ್ಟಿ ಇತ್ತು. ಯಾವ ಮನೆಯ ಕಾರ್ಡ್ ಒತ್ತಿದಾಗ ಈ ಸಾಲು ಕೇಳಿಸಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂದು ಒಂದೊಂದಕ್ಕೂ ಹೇಳಬಹುದಿತ್ತು. ಕಪ್ಪು ನಾಲ್ಕು ಸ ಆದರೆ ಮ ಎಂದರೆ ಕಪ್ಪು ಒಂದು. ಅವರ ಸಾಲಿನ ಪಟ್ಟಿಯಲ್ಲಿ ಕಪ್ಪು ಒಂದನ್ನು ಮಾತ್ರ ಮುಚ್ಚಿದೆವು. ಇನ್ನೊಂದು ಖಾಲಿ ಸಾಲು ತೆಗೆದುಕೊಂಡು, ಅದರಲ್ಲಿ ಕಪ್ಪು ಒಂದನ್ನು ಬಿಟ್ಟು ಉಳಿದೆಲ್ಲ ಮುಚ್ಚಿದೆವು. ಆ ಸಾಲಿಗೆ ಒಪ್ಪಿಸುವವರ ಎರಡು ಆವರ್ತ ತುಂಬಬೇಕಿತ್ತು.

"ಹಾಡಿ ತೋರ್ಸಿ ಅಕ್ಕ, ಎರಡು ನಿಮಿಷದಲ್ಲಿ ಬಾರಿಸ್ಬುಡ್ತೀನಿ" ಎಂದ.

ನಾನು ಬಾರಿಸುತ್ತೇನೆ ಎಂದೆ. ನನಗೆ ಶ್ರುತಿ ಹಿಡಿಯುವಷ್ಟು, ಹಾಡಿಗೆ ಜೊತೆ ಕೊಡುವಷ್ಟು ಮನೆಗಳು ಗೊತ್ತು, ಅಷ್ಟೇ. ಅವನು ನನ್ನ ಮುಖ ನೋಡಿ ಕುರ್ಚಿ ಬಿಟ್ಟು ಎದ್ದ.

ಎರಡು ಆವರ್ತಕ್ಕೆ ಮೂರು ದಿನ ಹಿಡಿಯಿತು. ಮೊದಲ ದಿನ ಬೆರಳು ತಪ್ಪುತ್ತಿತ್ತು. ಎರಡನೆಯ ದಿನ ಸ್ವರ ಸರಿ ಬಿದ್ದರೂ ಪಟ್ಟಿಯಲ್ಲಿ ಎಲ್ಲ ಅಂಕಿಯೂ ನೂರರ ಮೇಲಿತ್ತು, ರೊಟ್ಟಿ ತಟ್ಟಿದ ಹಾಗೆ ಬಡಿದಿದ್ದೆ. ಅವರ ಉಂಗುರದ ಬೆರಳಿನ ಹಾಗೆ ಒಂದೆರಡು ಸ್ವರ ಮೆತ್ತಗೆ ಒತ್ತಲು ನೋಡಿದೆ. ಕೇಳಿದಾಗ ನನಗೇ ನಾಚಿಕೆಯಾಯಿತು, ಅಣಕಿಸಿದ ಹಾಗಿತ್ತು. ಅದನ್ನು ಬಿಟ್ಟೆ. ಮೂರನೆಯ ದಿನ ಅತ್ತೆ ಹೇಳಿದ್ದನ್ನು ಒಳಗೆ ಗುನುಗಿಕೊಳ್ಳುತ್ತ, ಕೈ ನೋಡದೆ ಬಾರಿಸಿದೆ. ಉಳಿಸಬೇಕೆ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದೆ.

ಚನ್ನರಾಯಪಟ್ಟಣದ ಮುಹೂರ್ತ ಹನ್ನೊಂದೂವರೆಗೆ ಇತ್ತು. ಬೆಳಿಗ್ಗೆಯೇ ಹೋಗಿ ಛತ್ರದ ಎಡಮೂಲೆಯಲ್ಲಿ ಸಾಮಾನು ಹಾಕಿಕೊಂಡೆವು. ತಾಳದ ಪ್ಯಾಡ್ ನುಡಿಸುವವರು ಅರಕಲಗೂಡಿನವರು, ನಮ್ಮ ಮನೆಯವರ ಜೊತೆ ಒಂಬತ್ತು ವರ್ಷ ನುಡಿಸಿದವರು. ನಾವು ಮೂರು ವಾರ ಏನು ಮಾಡಿದೆವು ಎಂದು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಅವರು ಅದಕ್ಕಾಗಿ ಕಾಯುತ್ತಾರೆ, ತಾಳ ಬಿಗಿಯುತ್ತದೆ ಎಂದು ಅಂಜಿಕೆ. ಮಾಲೀಕರು ಕೂರದೆ, ಕಂಬಕ್ಕೆ ಒರಗಿ ನಿಂತಿದ್ದರು.

ಧಾರೆಯಾಯಿತು. ಹೆಂಗಸರು ತಟ್ಟೆ ಹಿಡಿದು ಎದ್ದರು. ನಾನು ಮೊದಲ ನುಡಿ ಹಾಡಿ ಮೈಕ್ ಕೆಳಗಿಳಿಸಿದೆ.

ಒಂದು, ಎರಡು, ಮೂರು, ನಾಲ್ಕು ಅವರದೇ. ಪ್ಯಾಡಿನವರು ತಲೆ ಎತ್ತಿದ್ದು ನನಗೆ ಕಂಡಿತು. ತಾಳವನ್ನು ಒಂದು ಎಳೆಯಷ್ಟು ಹಿಂದಕ್ಕೆ ಹಿಡಿದು ಅವರ ಜೊತೆ ಸೇರಿಕೊಂಡರು, ಹಿಂದೆ ಮಾಡುತ್ತಿದ್ದ ಹಾಗೆಯೇ. ವಾದಕ ಪ ಒತ್ತಿದ. ಐದನೆಯದು ತಗ್ಗಿಗೆ ಇಳಿಯಿತು. ಆಮೇಲೆ ಅವನು ಕಪ್ಪು ಒಂದರ ಮೇಲೆ ಬೆರಳಿಟ್ಟ. ಅವರು ಸುಮ್ಮನಾದರು. ನಾನು ಬಂದೆ. ಎರಡು ಆವರ್ತ ನನ್ನ ಬೆರಳುಗಳು ನನ್ನೆದುರಿಗೇ ಇಳಿದುಬಂದವು, ನಾನು ಕೈಕಟ್ಟಿ ನಿಂತಿದ್ದೆ. ಎಂಟಕ್ಕೆ ಅವರು ಮತ್ತೆ ಬಂದರು. ಮುಂದಿನ ನುಡಿ ಎತ್ತಬೇಕಿತ್ತು, ಎತ್ತಿದೆ. ಮಾತುಗಳನ್ನು ಹೊಂದಿಸಿಕೊಂಡಿರಲಿಲ್ಲ, ಆದರೂ ಬಂದವು.

ನಾಲ್ಕು ನುಡಿಯ ಹಾಡು, ನಡುವೆ ಮೂರು ಸಲ ಅದು ಬಂತು. ಛತ್ರದಲ್ಲಿ ಯಾರೂ ಅದನ್ನು ಬೇರೆಯಾಗಿ ಕೇಳಿಸಿಕೊಳ್ಳಲಿಲ್ಲ. ಆರತಿ ಬೆಳಗಿದರು, ಅಕ್ಷತೆ ಹಾಕಿದರು, ಊಟಕ್ಕೆ ಎದ್ದರು. ಹಾಗೇ ಆಗಬೇಕಾದ್ದು.

ಪ್ಯಾಡಿನವರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದು ವೈರು ಸುತ್ತಲು ನಿಂತರು. ನಡೂಕೆ ಒಪ್ಪಿಸಿದ್ದು ಯಾರು ಎಂದು ಕೇಳಿದರು. ನಾನು ಎಂದೆ.

"ಅಣ್ಣಂದು ಅಂಗೇ ಐತೆ ಕಣಕ್ಕ. ನಿಮ್ದು ಒಂಚೂರು ಮುಂದ್ಕೆ ಓಡ್ತದೆ" ಎಂದರು.

ವಾದಕ ನನ್ನ ಕಡೆ ನೋಡಿದ. ಸರಿ ಕೂರಿಸುವ ಗುಂಡಿ ಇಬ್ಬರಿಗೂ ಗೊತ್ತಿತ್ತು. ಅವನು ಅದರ ಮಾತೆತ್ತಲಿಲ್ಲ.

ಮಾಲೀಕರು ಎಲೆ ಅಡಿಕೆ ಹಾಕಿಕೊಂಡು ಹತ್ತಿರ ಬಂದರು. ಅಳಿಸುವುದು ಬೇಡ, ಅದಕ್ಕೊಂದು ಜಾಗ ಅಂಗೇ ಇರ್ಲಿ ಬುಡಿ ಎಂದು ವಾದಕನಿಗೆ ಹೇಳಿದರು. ಫ್ಲಾಪಿಯ ಬಾಯನ್ನು ಬೆಂಗಳೂರಿಗೆ ಕಳಿಸಿ ರಿಪೇರಿ ಮಾಡಿಸುತ್ತೇನೆ ಎಂದೂ ಹೇಳಿದರು. ನನಗೆ ಊಟಕ್ಕೆ ಏಳಮ್ಮ, ಎಲೆ ಹಾಕವ್ರೆ ಎಂದರು ಅಷ್ಟೆ.

ಮೂರು ಗಂಟೆಯ ಬಸ್ ಸಿಕ್ಕಿತು. ಬೆಳಕಿರುವಾಗಲೇ ಹೊಳೆನರಸೀಪುರದಲ್ಲಿ ಇಳಿದೆ. ಅತ್ತೆ ಬಾಗಿಲಲ್ಲಿ ಕೂತಿದ್ದರು. ಕೈಕಾಲು ತೊಳೆದು ಬಂದೆ. ನೀರಿನ ಚೊಂಬು ಕೈಗೆ ಕೊಟ್ಟು, ಆಮೇಲೆ ಕೇಳಿದರು.

"ಎಲ್ಲೂ ತಪ್ನಿಲ್ವ ಅವ್ನು?"

"ಇಲ್ಲ ಅತ್ತೆ. ಅವ್ರು ಎಲ್ಲೂ ತಪ್ಪಲಿಲ್ಲ. ನಾನೇ ಒಂಚೂರು ಮುಂದಕ್ಕೆ ಓಡ್ದೆ."

"ನೀನು ಯಾವಾಗ್ಲೂ ಅಂಗೇಯ. ಅವನಿಗೆ ಕಾಯಾಕಿಲ್ಲ."

ನೀರು ಕುಡಿದು ಚೊಂಬು ಕೆಳಗಿಟ್ಟೆ.

"ಇನ್ಮೇಲೆ ಕಾಯ್ತೀನಿ ಅತ್ತೆ" ಎಂದೆ.